ಒಪ್ಪಿದೆ, ಮಗಳೇ

ರಂಗಮಂದಿರದ ಹಿಂದಿನ ಮನೆ
ಜೂನ್ 3

ಮರಿ,

ಬರೆಯೋದು ತಡ ಆಯ್ತು ಅಂತ ಮುಖ ಊದಿಸ್ಕೋಬೇಡ. ಕನ್ನಡಕದ ಕಡ್ಡಿ ಮುರಿದು ದಾರ ಕಟ್ಟಿಕೊಂಡು ಓಡಾಡ್ತಿದ್ದೀನಿ. ನಮ್ಮ ಮೇಕಪ್ಪಿನವನು ‘ಪಿಸುಮ್ಮಂಗೂ ಕೊನೆಗೆ ಒಂದು ವೇಷ ಸಿಕ್ತು’ ಅಂತ ಆಡಿಕೊಳ್ತಾನೆ. ಆಡಿಕೊಳ್ಳಲಿ. ಮೊನ್ನೆ ದೂತನ ಪಾರ್ಟಿನಲ್ಲಿ ಮುಂದೆ ಬಂದು ನಿಂತು, ಮಾತು ಮರೆತು, ನನ್ನ ಮೂಲೆ ಕಡೆ ಕಣ್ಣು ಕಣ್ಣು ಬಿಟ್ಟಾಗ ಅವನ ಮಾನ ಕಾಪಾಡಿದ್ದು ಇದೇ ದಾರದ ಕನ್ನಡಕ. ಮರೆತ ಮಾತನ್ನ ಪಿಸುಗುಟ್ಟಿ ಕೊಡೋ ಪ್ರಾಂಪ್ಟರ್ ಅನ್ನೋಳು ಒಬ್ಬಳು ಸೈಡ್ ಪರದೆ ಹಿಂದೆ ಕೂತಿದ್ದಾಳೆ ಅಂತ ಇವರಿಗೆಲ್ಲ ನೆನಪಾಗೋದು ನಾಲಿಗೆ ಒಣಗಿದಾಗ ಮಾತ್ರ.

ಈಗ ವಿಷಯ. ನಿಮ್ಮಪ್ಪ ‘ಕೋಟೆ’ ನಾಟಕ ಮತ್ತೆ ಎತ್ಕೊಂಡಿದ್ದಾರೆ. ಆಗಸ್ಟಿನಲ್ಲಿ ಮೊದಲ ಆಟ. ನಿನ್ನೆ ತಾಲೀಮಿನಲ್ಲಿ ಎಲ್ಲರ ಎದುರಿಗೇ ಹೇಳಿಬಿಟ್ರು, ಮಗಳ ಪಾರ್ಟು ಇನ್ನು ಮೇಲೆ ನಿಮ್ಮಮ್ಮ ಮಾಡೋದು ಬೇಡ ಅಂತ. ‘ಹದಿನಾರರ ಹುಡುಗಿ ಮೆಟ್ಟಿಲು ಹತ್ತಿದ್ರೆ ಹಲಗೆ ಕಿರ್ ಅನ್ನಬಾರದು’ ಅಂದ್ರು. ನಮ್ಮ ಕಂಪನಿ ಯಜಮಾನ್ರ ಬಾಯಿ ನಿನಗೆ ಗೊತ್ತಲ್ಲ. ಒಬ್ಬಿಬ್ಬರು ನಕ್ಕರು ಕೂಡ. ನೀನು ಬಂದು ಆ ಪಾರ್ಟು ಮಾಡಬೇಕಂತೆ, ನಿಮ್ಮಮ್ಮ ತಾಯಿ ಪಾರ್ಟಿಗೆ ಸರೀಬೇಕಂತೆ.

ನಿಮ್ಮಮ್ಮ ಆಗ ಹೊಸ ಬಣ್ಣ ಹಚ್ಚಿ ನೋಡಿ, ಕನ್ನಡಿ ಮುಂದೆ ಕೂತು ಹುಬ್ಬು ಒರೆಸ್ತಾ ಇದ್ರು. ಆಮೇಲೆ ನನ್ನ ಹತ್ತಿರ ಬಂದು ‘ಅವಳು ಬರಲಿ ಅಂತ ಬರಿ’ ಅಂದ್ರು. ಬಾಯಿಬಿಟ್ಟು ಹೇಳೋ ಪೈಕಿ ಅಲ್ಲ ಅವರು, ಆದ್ರೆ ನಿನ್ನನ್ನ ಕೇಳ್ತಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳಂತಾ, ಗಂಟಲು ಜೋಪಾನ ಮಾಡ್ಕೋತಾಳಂತಾ ಅಂತ.

ಬೇಗ ಬರಿ.

ಪಿಸುಮ್ಮ


ಹೆಂಗಸರ ವಸತಿಗೃಹ, ಮೇಲಿನ ಮಹಡಿ
ಜೂನ್ 14

ಪಿಸುಮ್ಮ,

ನಿನ್ನ ಕಾಗದವನ್ನು ಮಡಚಿ ಇಟ್ಟು ಮತ್ತೆ ಬಿಚ್ಚಿ ಓದುತ್ತಲೇ ಇದ್ದೇನೆ. ಅಪ್ಪ ಆ ಹಲಗೆಯ ಮಾತು ಹೇಗೆ ಆಡಿರಬಹುದು ಎಂದು ನನ್ನ ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಅಮ್ಮನ ಮಾತು ಮಾತ್ರ ಕೇಳುವುದಿಲ್ಲ. ‘ಅವಳು ಬರಲಿ’ ಎಂದಾಗ ನಿನ್ನ ಮುಖ ನೋಡಿ ಅಂದರಾ, ಹೋಗುತ್ತಾ ಅಂದರಾ?

ಎರಡು ವರ್ಷದ ಹಿಂದೆ ಅದೇ ಪಾರ್ಟನ್ನು ನಾನಾಗಿಯೇ ಕೇಳಿದ್ದೆ. ಅಮ್ಮ ವೇಷದ ಪೆಟ್ಟಿಗೆಗೆ ಬೀಗ ಹಾಕಿಕೊಂಡು ಎದ್ದು ಹೋದರು. ನಾನು ಮನೆ ಬಿಟ್ಟದ್ದು ಅದಕ್ಕೇ ಎಂದು ಯಾರಿಗೂ ಹೇಳಿರಲಿಲ್ಲ, ನಿನಗೂ. ನೌಕರಿ ಸಿಕ್ಕಿತು ಅಂದೆ. ನೀನೂ ಕೆದಕಲಿಲ್ಲ.

ಇಲ್ಲಿನ ಕೆಲಸ ನನಗೆ ಹಿಡಿಸಿದೆ. ಪರದೆಯ ಮೇಲೆ ಯಾರದೋ ತುಟಿ ಅಲುಗುತ್ತದೆ, ನಾನು ಕತ್ತಲ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಅದಕ್ಕೆ ಸರಿಯಾಗಿ ನಮ್ಮ ಭಾಷೆಯ ಮಾತು ಹೊಂದಿಸುತ್ತೇನೆ. ಸ್ಟುಡಿಯೋದ ಮೇಡಂ ಯಾರನ್ನೂ ಹೊಗಳುವವರಲ್ಲ. ಮೊನ್ನೆ ಮಾತ್ರ ‘ನೀನು ಅಳುವಾಗ ಅತಿ ಮಾಡಲ್ಲ ಕಣೇ’ ಅಂದರು. ಆಗಸ್ಟಿನಿಂದ ಕೆಲಸ ಕಾಯಂ ಮಾಡಿ, ಒಂದು ದೊಡ್ಡ ಧಾರಾವಾಹಿಯ ನಾಯಕಿಗೆ ನನ್ನ ದನಿಯನ್ನೇ ಹಾಕುತ್ತಾರಂತೆ. ನನ್ನ ಹೆಸರಿನಲ್ಲಿ ಇರುವುದು ಇದೊಂದೇ, ಪಿಸುಮ್ಮ. ಅಪ್ಪನ ಕಂಪನಿಯದಲ್ಲ, ಅಮ್ಮನ ನೆರಳಿನದಲ್ಲ.

ಜೊತೆಯ ಕೋಣೆಯವಳು ಆಸ್ಪತ್ರೆಯಲ್ಲಿ ನರ್ಸ್. ‘ಕೋಟೆ’ ಕಥೆ ಏನು ಅಂತ ಕೇಳಿದಳು. ಹೇಳಿದೆ. ಹೊರಗೆ ಶತ್ರು ಸೈನ್ಯ, ಸಂಧಿ ಬೇಕಾದರೆ ಮಗಳನ್ನು ಕಳಿಸು ಅನ್ನುತ್ತಾರೆ, ಅಪ್ಪ ಒಪ್ಪಿಬಿಡುತ್ತಾನೆ. ಮೂರನೇ ಅಂಕದಲ್ಲಿ ತಾಯಿ ಬೀಳ್ಕೊಡಲು ಬರುತ್ತಾಳೆ. ಮಗಳು ಕೇಳುತ್ತಾಳೆ, ‘ಅಮ್ಮಾ, ನೀನೂ ಒಪ್ಪಿದೆಯಾ?’ ತಾಯಿ ಅನ್ನುತ್ತಾಳೆ, ‘ಒಪ್ಪಿದೆ, ಮಗಳೇ.’ ಅಲ್ಲಿಗೆ ಮಗಳು ಎದ್ದು ಹೊರಡುತ್ತಾಳೆ. ನರ್ಸ್ ‘ಅಷ್ಟೇನಾ? ಎರಡೇ ಮಾತಾ?’ ಅಂದಳು. ಅಷ್ಟೇ ಅಂದೆ.

ಅಮ್ಮ ಆ ಪಾರ್ಟನ್ನು ತಾವಾಗಿ ನನಗೆ ಬಿಟ್ಟುಕೊಡುತ್ತಿದ್ದರೆ ನಾನು ಈ ಕೆಲಸ ಬಿಟ್ಟು ಬರುತ್ತೇನೆ. ಅಪ್ಪನ ಹಟ ಮಾತ್ರವಾದರೆ ಬರುವುದಿಲ್ಲ. ಅಮ್ಮನನ್ನು ತಳ್ಳಿ ಆ ಜಾಗದಲ್ಲಿ ನಿಲ್ಲುವುದು ನನ್ನಿಂದಾಗದು. ಅವರು ಏನು ಹೇಳಿದರೋ ಹಾಗೇ ಬರಿ. ನಿನ್ನದು ಏನೂ ಸೇರಿಸಬೇಡ.

ನಿನ್ನ ಮರಿ


ರಂಗಮಂದಿರದ ಹಿಂದಿನ ಮನೆ
ಜೂನ್ 22

ಮರಿ,

ಸೇರಿಸಬೇಡ ಅಂತೀಯಲ್ಲ, ನಾನೇನು ಸಾರಿಗೆ ಉಪ್ಪು ಹಾಕ್ತಿದ್ದೀನಾ? ಇಷ್ಟು ವರ್ಷ ಬೇರೆಯವರು ಬರೆದ ಮಾತನ್ನ ಒಂದಕ್ಷರ ಆಚೀಚೆ ಮಾಡದೆ ಕೊಟ್ಟವಳು ನಾನು.

ಕೇಳಿಸ್ಕೋ. ಮಂಗಳವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ರು. ನಾನು ವೇಷದ ಕೋಣೆಗೆ ಹೋದ್ರೆ ನಿಮ್ಮಮ್ಮ ಒಬ್ಬರೇ ಕಿಟಕಿ ಹತ್ತಿರ ಕೂತಿದ್ದಾರೆ. ಮಡಿಲಲ್ಲಿ ಮಗಳ ಪಾರ್ಟಿನ ಆ ನೀಲಿ ಲಂಗ. ಕತ್ತರಿ ಹಿಡ್ಕೊಂಡು ಸೊಂಟದ ಹೊಲಿಗೆ ಬಿಚ್ತಾ ಇದ್ದಾರೆ. ದರ್ಜಿ ಇದ್ದಾನೆ, ಹೇಳಿದ್ರೆ ಮಾಡ್ತಾನೆ, ಆದ್ರೂ ತಾವೇ ಕೂತಿದ್ದಾರೆ. ಅಂದ್ರೆ ಏನರ್ಥ? ನಿನ್ನ ಅಳತೆಗೆ ಕಿರಿದು ಮಾಡೋಕೆ. ಆ ಲಂಗವನ್ನ ಅವರು ಇನ್ನೊಬ್ಬರ ಕೈಯಿಂದ ಮುಟ್ಟಿಸಿದ್ದು ನಾನು ನೋಡಿಲ್ಲ.

ನಾನು ‘ಅವಳಿಗಾ?’ ಅಂದೆ. ತಲೆ ಎತ್ತಿ ನೋಡಿದ್ರು. ‘ಅವಳಿಗಲ್ಲದೆ ಇನ್ಯಾರಿಗೆ, ನನ್ನ ಕಾಲ ಮುಗೀತು, ಇನ್ನು ಅವಳದು’ ಅಂದ್ರು. ಕಣ್ಣಲ್ಲಿ ನೀರಿತ್ತು.

ಇನ್ನು ಅನುಮಾನ ಬೇಡ. ನೀನು ಹುಟ್ಟಿದಾಗ ಬುಟ್ಟಿಯಲ್ಲಿ ಮಲಗಿಸ್ಕೊಂಡು ಒಂದು ಕೈಲಿ ತೂಗ್ತಾ ಇನ್ನೊಂದು ಕೈಲಿ ಪುಟ ತಿರುಗಿಸ್ತಾ ಇದ್ದವಳು ನಾನು. ನಿನಗೆ ಕೆಟ್ಟದ್ದಾಗೋದನ್ನ ಬರೀತೀನಾ?

ಪಿಸುಮ್ಮ


ಹೆಂಗಸರ ವಸತಿಗೃಹ
ಜೂನ್ 30

ಪಿಸುಮ್ಮ,

ಈ ದಿನ ರಾಜೀನಾಮೆ ಕೊಟ್ಟೆ. ಮೇಡಂ ಕೂಗಾಡಲಿಲ್ಲ. ‘ನಿಮ್ಮಮ್ಮ ಕರೆದರಾ?’ ಅಂದರು. ಹೌದು ಅಂದೆ. ‘ಹಾಗಾದ್ರೆ ನಾನು ಏನು ಹೇಳಲಿ. ಆದ್ರೆ ಮೈಕ್ ಯಾರಿಗೂ ಕಾಯಲ್ಲ’ ಅಂದರು. ಮೆಟ್ಟಿಲು ಇಳಿಯುವಾಗ ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಹಗುರವಾಗಿತ್ತು.

‘ಇನ್ನು ಅವಳದು’ ಎಂಬ ಮಾತನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೇನೆ.

ಸಣ್ಣವಳಿದ್ದಾಗ ಶಾಲೆಯಲ್ಲಿ ಬಹುಮಾನ ಬಂದರೆ ಅಮ್ಮ ತಾಲೀಮಿನಲ್ಲಿರುತ್ತಿದ್ದರು. ನೀನು ಒಳಗೆ ಹೋಗಿ ಬಂದು ‘ನಿಮ್ಮಮ್ಮ ಮುತ್ತು ಕಳಿಸಿದ್ದಾರೆ’ ಎಂದು ಕೆನ್ನೆಗೆ ಒತ್ತುತ್ತಿದ್ದೆ. ಈ ಸಲ ನಾನು ನೇರವಾಗಿ ತೆಗೆದುಕೊಳ್ಳುತ್ತೇನೆ.

ಅಮ್ಮನಿಗೆ ಈ ಕೆಳಗಿನ ಸಾಲು ಓದಿ ಹೇಳು: ‘ಲಂಗ ಕಿರಿದು ಮಾಡುವಾಗ ತುಂಬ ಕಿರಿದು ಮಾಡಬೇಡಿ. ನಾನು ಅಷ್ಟೇನೂ ಸೊರಗಿಲ್ಲ.’

ಭಾನುವಾರ ಬಸ್ಸು ಹತ್ತುತ್ತೇನೆ.

ನಿನ್ನ ಮರಿ


ಅಣ್ಣನ ಮಗಳ ಮನೆ
ಅಕ್ಟೋಬರ್ 9

ಮರಿ,

ನಾನು ಕ್ಷೇಮ. ಇಲ್ಲಿ ಅಣ್ಣನ ಮಗಳು ಚೆನ್ನಾಗೇ ನೋಡ್ಕೋತಾಳೆ, ಅವಳ ಗಂಡನೂ ಮಾತು ಕಡಿಮೆ. ಸಂಜೆ ಆದ್ರೆ ಟೀವಿ ಹಾಕ್ತಾರೆ. ಅದರಲ್ಲಿ ಆಡೋ ಹುಡುಗ ಸ್ವಲ್ಪ ತಡವರಿಸಿದ್ರೂ ನನ್ನ ಬಾಯಿಂದ ಮಾತು ಹೊರಟುಬಿಡುತ್ತೆ. ಮಕ್ಕಳು ಬಿದ್ದು ಬಿದ್ದು ನಗ್ತವೆ.

ಯಜಮಾನ್ರ ಕೋಪ ಇಳೀತಾ? ಗಂಟುಮೂಟೆ ಕಟ್ಟು ಅಂದಾಗ ಬಿಸಿಯಲ್ಲಿ ಅಂದಿದ್ದಾರೆ ಅಂದುಕೊಂಡೆ. ಹಿಂದೆಯೂ ಮೂರು ನಾಲ್ಕು ಸಲ ಅಂದಿದ್ದಾರಲ್ಲ, ಬೆಳಗ್ಗೆ ಎದ್ದು ‘ಕಾಫಿ ಎಲ್ಲಿ’ ಅಂತ ಕೇಳಿದ್ದಾರೆ. ಈ ಸಲ ಕೇಳಲಿಲ್ಲ. ನಾನು ಮಾಡಿದ್ದಾದ್ರೂ ಏನು? ಮೂರನೇ ಅಂಕದಲ್ಲಿ ನಿಮ್ಮಮ್ಮ ಮಾತು ಮರೆತ್ರು, ನಾನು ಕೊಟ್ಟೆ. ಅದಕ್ಕೇ ತಾನೇ ನನ್ನನ್ನ ಅಲ್ಲಿ ಕೂರಿಸಿದ್ದು?

ನೀನು ಬಸ್ ಸ್ಟ್ಯಾಂಡಿನವರೆಗೂ ಬರಲಿಲ್ಲ. ತಲೆನೋವು ಅಂತ ಅಂದ್ರು. ಈಗ ಹೇಗಿದೆ?

ಒಂದು ಮಾತು ಅಪ್ಪನ ಕಿವಿಗೆ ಹಾಕು. ನೀನು ಹೇಳಿದ್ರೆ ಕೇಳ್ತಾರೆ, ಈಗ ನೀನಲ್ಲವಾ ಅವರ ನಾಯಕಿ.

ಪಿಸುಮ್ಮ


ರಂಗಮಂದಿರದ ಹಿಂದಿನ ಮನೆ
ಅಕ್ಟೋಬರ್ 20

ಪಿಸುಮ್ಮ,

ನನಗೆ ತಲೆನೋವು ಇರಲಿಲ್ಲ.

ನಾನು ಬಂದಿಳಿದ ದಿನ ಅಮ್ಮ ಬಾಗಿಲಲ್ಲಿ ನಿಂತು ‘ಬಸ್ಸು ತಡವಾಯಿತಾ’ ಎಂದು ಕೇಳಿದರು, ಅಷ್ಟೇ. ಅವರ ಹಿಂದಿನಿಂದ ನೀನು ‘ಬೆಳಗ್ಗಿಂದ ದಾರಿ ಕಾಯ್ತಿದ್ರು’ ಅಂದೆ. ನಾನು ನಿನ್ನ ಮಾತನ್ನು ಕೇಳಿಸಿಕೊಂಡೆ, ಅವರದನ್ನು ಬಿಟ್ಟೆ. ಯಾವಾಗಲೂ ಹಾಗೇ ಮಾಡಿದ್ದೇನೆ ಅನ್ನಿಸುತ್ತದೆ.

ಆಮೇಲೆ ನೀಲಿ ಲಂಗ ಹಾಕಿಕೊಂಡು ನೋಡಿದೆ. ಸೊಂಟದಲ್ಲಿ ನಿಲ್ಲಲಿಲ್ಲ, ಜಾರಿತು. ದರ್ಜಿ ಪಿನ್ನು ಚುಚ್ಚುತ್ತಾ ‘ಅಮ್ಮಾವ್ರು ಇದನ್ನ ಹಿಗ್ಗಿಸಿದ್ದಾರಲ್ಲ’ ಅಂದ. ಒಳಗೆ ತಿರುಗಿಸಿ ನೋಡಿದೆ. ಎರಡೂ ಬದಿಗೆ ಅದೇ ಬಣ್ಣದ ಹೊಸ ಬಟ್ಟೆ ಜೋಡಿಸಿ ಸಣ್ಣ ಸಣ್ಣ ಹೊಲಿಗೆ ಹಾಕಿದ್ದರು. ಅವರು ಆ ಕಿಟಕಿಯ ಬಳಿ ಕೂತು ಹೊಲಿಯುತ್ತಿದ್ದದ್ದು ತಮಗಾಗಿ. ಇನ್ನೂ ಒಂದು ಸಲ ಆ ಪಾರ್ಟು ಮಾಡುವುದಕ್ಕಾಗಿ. ಆ ದಿನವೇ ನಾನು ನಿನ್ನನ್ನು ಕೇಳಬೇಕಿತ್ತು. ಏನೋ ಲೆಕ್ಕ ತಪ್ಪಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಕೆಲಸ ಬಿಟ್ಟು ಬಂದವಳಿಗೆ ಹಾಗೆ ಹೇಳಿಕೊಳ್ಳುವುದು ಸುಲಭ.

ಇನ್ನು ಆ ಸಂಜೆಯ ಆಟ. ಅವರು ಮಾತು ಮರೆತರು ಅನ್ನುತ್ತೀಯ. ಮರೆತವರ ಕಣ್ಣು ಪ್ರಾಂಪ್ಟರ್ ಮೂಲೆಗೆ ಓಡುತ್ತದೆ ಎಂದು ನನಗೆ ಹೇಳಿಕೊಟ್ಟವಳು ನೀನೇ. ಅವರ ಕಣ್ಣು ಓಡಲಿಲ್ಲ. ನಾನು ಮೊಣಕಾಲೂರಿ ‘ಅಮ್ಮಾ, ನೀನೂ ಒಪ್ಪಿದೆಯಾ?’ ಎಂದು ಕೇಳಿದೆ. ಅವರನ್ನು ‘ನೀನು’ ಅನ್ನಲು ನನಗೆ ಸಿಕ್ಕುವುದು ಆ ಒಂದು ಮಾತು ಮಾತ್ರ. ಅವರು ನನ್ನ ಮುಖವನ್ನೇ ನೋಡುತ್ತಾ ಸುಮ್ಮನೆ ನಿಂತರು. ಅಷ್ಟು ಹೊತ್ತು ಅವರು ನನ್ನನ್ನು ನೋಡಿದ್ದು ನನಗೆ ನೆನಪಿಲ್ಲ. ಹಿಂದಿನ ಸಾಲಿನವರು ಕೆಮ್ಮುವುದನ್ನೂ ನಿಲ್ಲಿಸಿದ್ದರು. ಅಮ್ಮ ಬೇಕೆಂದೇ ತೆಗೆದುಕೊಂಡ ಮೌನ ಅದು. ಅದರ ಕೊನೆಗೆ ಏನೋ ಇತ್ತು. ಬರೆದಿಟ್ಟ ಮಾತೇ ಇತ್ತೋ, ಬೇರೆ ಏನಾದರೂ ಇತ್ತೋ.

ಆಗ ನಿನ್ನ ದನಿ ಬಂತು. ‘ಒಪ್ಪಿದೆ, ಮಗಳೇ.’

ನಿನ್ನ ಪಿಸುಮಾತು ಈಗೀಗ ನಿನಗೇ ಕೇಳಿಸುವುದಿಲ್ಲ, ಅದಕ್ಕೆ ಜೋರಾಗಿ ಕೊಡುತ್ತೀಯ. ಇಡೀ ಮಂದಿರಕ್ಕೆ ಕೇಳಿಸಿತು. ಯಾರೋ ನಕ್ಕರು. ಅಮ್ಮ ನಿನ್ನ ಮಾತನ್ನೇ ಒಪ್ಪಿಸಿ, ಬೆನ್ನು ತಿರುಗಿಸಿ ಒಳಗೆ ಹೋದರು. ಅಪ್ಪ ನಿನ್ನನ್ನು ಕಳಿಸಿದ್ದು ಆ ನಗುವಿಗಾಗಿ. ನನ್ನ ಸಂಕಟ ಅದಲ್ಲ. ಅಮ್ಮನ ಒಪ್ಪಿಗೆ ನಿನ್ನ ದನಿಯಲ್ಲಿ ಬಂದಾಗ, ಅದನ್ನು ನಾನು ಹಿಂದೆಯೂ ಇದೇ ದನಿಯಲ್ಲಿ ಕೇಳಿದ್ದೇನೆ ಎಂದು ಮೊಣಕಾಲೂರಿದ್ದಲ್ಲೇ ಗೊತ್ತಾಯಿತು.

ಆ ಮಂಗಳವಾರ ವೇಷದ ಕೋಣೆಯಲ್ಲಿ ಅಮ್ಮ ಏನು ಹೇಳಿದರು?

ಮೇಡಂಗೆ ಬರೆದಿದ್ದೆ. ಆ ಧಾರಾವಾಹಿಗೆ ಬೇರೆ ಹುಡುಗಿ ಬಂದಿದ್ದಾಳಂತೆ. ಚೆನ್ನಾಗಿ ಮಾಡುತ್ತಾಳಂತೆ.

ಮರಿ


ಅಣ್ಣನ ಮಗಳ ಮನೆ
ನವೆಂಬರ್ 2

ಮರಿ,

ಓದಿದೆ. ನಿನ್ನ ಅಕ್ಷರ ಯಾವಾಗ ಇಷ್ಟು ಚೂಪಾಯ್ತು? ತಿದ್ದಿಸಿದವಳು ನಾನು, ಗೊತ್ತಾಗಲೇ ಇಲ್ಲ.

ಏನೂ ಹೇಳಲಿಲ್ಲ. ಸಾಕಾ? ನಾನು ‘ಅವಳಿಗಾ?’ ಅಂದೆ. ತಲೆ ಎತ್ತಿ ನೋಡಿದ್ರು, ಮತ್ತೆ ಕತ್ತರಿ ಆಡಿಸಿದ್ರು. ಕಣ್ಣಲ್ಲಿ ನೀರಿದ್ದದ್ದು ನಿಜ. ಅದು ಯಾತಕ್ಕೆ ಅಂತ ನಾನು ಅಂದುಕೊಂಡೆ, ಬರೆದೆ. ‘ಅವಳು ಬರಲಿ’ ಅಂದಿದ್ದು ನಿಮ್ಮಪ್ಪ. ನಿಮ್ಮಮ್ಮ ಹುಬ್ಬು ಒರೆಸಿಕೊಂಡು ಎದ್ದು ಹೋದ್ರು.

ಎಲ್ಲಾ ಹೇಳಿಬಿಡ್ತೀನಿ. ಬಹುಮಾನ ಬಂದಾಗಿನ ಮುತ್ತು ನನ್ನದು. ಜ್ವರದಲ್ಲಿ ನಿನ್ನ ಹಣೆ ಮೇಲೆ ಕೈ ಇಟ್ಟು ‘ನಿಮ್ಮಮ್ಮ ಬಂದು ಹೋದ್ರು, ನಿನಗೆ ನಿದ್ದೆ ಬಂದಿತ್ತು’ ಅಂದಿದ್ದೆನಲ್ಲ, ಯಾರೂ ಬಂದಿರಲಿಲ್ಲ. ಮನೆಯೊಳಗೇ ಓಡಾಡೋ ತಾಯಿ ಮಗುವಿಗೆ ಏನೂ ಹೇಳಿ ಕಳಿಸಲ್ಲ ಅಂತ ನಾನು ಹೇಗೆ ಬಾಯಿಬಿಟ್ಟು ಹೇಳಲಿ? ಇದ್ದದ್ದು ಒಬ್ಬಳ ಪ್ರೀತಿ, ಅದನ್ನೇ ಇಬ್ಬರ ಹೆಸರಲ್ಲಿ ಬಡಿಸಿದೆ. ಸುಮ್ಮನಿರೋ ಜಾಗ ಕಂಡ್ರೆ ನನ್ನ ನಾಲಿಗೆ ನಿಲ್ಲಲ್ಲ. ಆ ಸಂಜೆಯೂ ನಿಲ್ಲಲಿಲ್ಲ. ಅವರು ನಿನ್ನನ್ನ ನೋಡ್ತಾ ಇದ್ರು ಅಂತೀಯಲ್ಲ, ನನ್ನ ಮೂಲೆಯಿಂದ ಅವರ ಬೆನ್ನು ಮಾತ್ರ ಕಾಣೋದು. ಯಾವತ್ತೂ ಅಷ್ಟೇ ಕಂಡಿದ್ದು.

ಆದ್ರೆ ಒಂದು ಕೇಳ್ತೀನಿ, ಕೋಪ ಮಾಡ್ಕೋ ಪರವಾಗಿಲ್ಲ. ‘ಹೇಳಿದ ಹಾಗೇ ಬರಿ, ನಿನ್ನದು ಸೇರಿಸಬೇಡ’ ಅಂತ ಬರೆದೆಯಲ್ಲ, ಅನುಮಾನ ಇಲ್ಲದವರು ಹಾಗೆ ಬರೀತಾರಾ? ನಿನಗೆ ಗೊತ್ತಿತ್ತು. ಫೋನು ಮಾಡಿ ನಿಮ್ಮಮ್ಮನನ್ನೇ ಕೇಳಬಹುದಿತ್ತು, ಕೇಳಲಿಲ್ಲ. ನನ್ನನ್ನೇ ಕೇಳಿದೆ. ನಾನು ಏನು ಹೇಳ್ತೀನಿ ಅಂತ ಗೊತ್ತಿದ್ದೇ ಕೇಳಿದೆ.

ಪಿಸುಮ್ಮ


ಅಣ್ಣನ ಮಗಳ ಮನೆ
ಡಿಸೆಂಬರ್ 1

ಮರಿ,

ನೀನು ಬರೀಲಿಲ್ಲ. ಹೋದ ಸಲ ಕೊನೇಲಿ ಬರೆದಿದ್ದನ್ನ ಬರೀಬಾರದಿತ್ತು. ಹೊಡೆದು ಹಾಕಿದ್ದೀನಿ ಅಂತ ತಿಳ್ಕೋ.

ಎದೆಯಲ್ಲಿ ನೀರು ಸೇರಿದೆ ಅಂತ ಡಾಕ್ಟರು ಹೇಳಿದ್ರಂತೆ, ನನ್ನ ಮುಂದೆ ಗ್ಯಾಸು ಅಂತಾರೆ. ಇವರಿಗೆ ಪಾರ್ಟು ಮಾಡೋಕೆ ಬರಲ್ಲ. ನನ್ನ ಮಂಚವನ್ನ ಬಟ್ಟೆ ಒಗೆಯೋ ಮೆಷಿನ್ ಪಕ್ಕ ಹಾಕಿದ್ದಾರೆ, ಅಲ್ಲೇ ಸ್ವಲ್ಪ ಬೆಚ್ಚಗಿರುತ್ತೆ ಅಂತ. ಅದು ತಿರುಗೋ ಸದ್ದಿಗೆ ಮಂದಿರದಲ್ಲಿ ಜನ ಬಂದು ಕೂರೋ ಗದ್ದಲ ನೆನಪಾಗುತ್ತೆ.

ನಾನು ಅಲ್ಲಿಗೆ ಬರಬೇಕು. ಪ್ರಾಂಪ್ಟರ್ ಕೆಲಸ ಬೇಡ, ವೇಷದ ಕೋಣೆಯಲ್ಲಿ ಗುಂಡಿ ಹೊಲ್ಕೊಂಡು ಬಿದ್ದಿರ್ತೀನಿ. ಯಜಮಾನ್ರು ಬೇಡ ಅಂದ್ರೂ ನಿಮ್ಮಮ್ಮ ಒಂದು ಮಾತು ಹೇಳಿದ್ರೆ ಆಗುತ್ತೆ. ಅವರ ಮದುವೆಯ ದಿನ ಜಡೆ ಹಾಕಿದವಳು ನಾನು. ನಿನ್ನನ್ನ ಹೆತ್ತಾಗ ಕೈ ಹಿಡ್ಕೊಂಡಿದ್ದವಳು ನಾನು.

ಅವರು ನನ್ನನ್ನ ಒಂದು ಸಲವಾದ್ರೂ ಕೇಳಿದ್ರಾ, ಮರಿ? ಎಲ್ಲಿದ್ದಾಳೆ, ಹೇಗಿದ್ದಾಳೆ ಅಂತ? ಇದ್ದಿದ್ದನ್ನ ಇದ್ದ ಹಾಗೆ ಬರಿ.

ಪಿಸುಮ್ಮ


ರಂಗಮಂದಿರದ ಹಿಂದಿನ ಮನೆ
ಡಿಸೆಂಬರ್ 18

ಪಿಸುಮ್ಮ,

ನೀನು ಹೊಡೆದು ಹಾಕಿದ ಸಾಲನ್ನು ನಾನು ಹೊಡೆದು ಹಾಕಿಲ್ಲ. ಅದು ಸರಿಯೋ ತಪ್ಪೋ ಎಂದು ತೂಗಿ ನೋಡುವುದರಲ್ಲೇ ಒಂದು ತಿಂಗಳು ಕಳೆಯಿತು. ಗೊತ್ತಿತ್ತು ಅನ್ನಿಸುತ್ತದೆ. ಅಮ್ಮನನ್ನು ಕೇಳಿದ್ದರೆ ಅವರು ಸುಮ್ಮನಿರುತ್ತಿದ್ದರು. ನಿನ್ನನ್ನು ಕೇಳಿದರೆ ಉತ್ತರ ಸಿಗುತ್ತಿತ್ತು.

ನಾಟಕ ನಡೆಯುತ್ತಿದೆ. ಜನ ಬರುತ್ತಿದ್ದಾರೆ. ನಾನು ಮೆಟ್ಟಿಲು ಹತ್ತಿದರೆ ಹಲಗೆ ಕಿರ್ ಅನ್ನುವುದಿಲ್ಲ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಾರೆ. ಅಮ್ಮ ಅಲ್ಲೇ ಕೂತಿರುತ್ತಾರೆ. ನಿನ್ನ ಮೂಲೆಗೆ ಅಪ್ಪ ಹಲಗೆ ಹೊಡೆಸಿದ್ದಾರೆ, ಅಲ್ಲಿ ಈಗ ದೀಪದ ಪೆಟ್ಟಿಗೆ ಇಟ್ಟಿದ್ದಾರೆ. ಮರೆತವರು ಮರೆತ ಹಾಗೇ ತೊದಲುತ್ತಾರೆ. ಮೇಕಪ್ಪಿನವನು ಮೊನ್ನೆ ಅಭ್ಯಾಸಬಲದಿಂದ ಆ ಹಲಗೆಯ ಕಡೆ ತಿರುಗಿ, ದೀಪದ ಪೆಟ್ಟಿಗೆಯನ್ನೇ ದಿಟ್ಟಿಸುತ್ತಾ ನಿಂತ.

ಮೂರನೇ ಅಂಕದಲ್ಲಿ ಅಮ್ಮ ಈಗ ನಿಲ್ಲುವುದೇ ಇಲ್ಲ. ನಾನು ‘ಅಮ್ಮಾ, ನೀನೂ’ ಎನ್ನುವಷ್ಟರಲ್ಲಿ ‘ಒಪ್ಪಿದೆ, ಮಗಳೇ’ ಬಂದುಬಿಡುತ್ತದೆ. ನನ್ನ ಪ್ರಶ್ನೆ ಪೂರ್ತಿಯಾಗುವುದಕ್ಕೂ ಬಿಡುವುದಿಲ್ಲ. ಕಣ್ಣು ನನ್ನ ಹಣೆಯ ಮೇಲೆ ಎಲ್ಲೋ ಇರುತ್ತದೆ. ಆ ಸಂಜೆಯ ಮೌನದ ಕೊನೆಗೆ ಏನಿತ್ತು ಎಂದು ನಾನು ಪ್ರತಿ ಸಲ ಕಾಯುತ್ತೇನೆ, ಪ್ರತಿ ಸಲ ಅದಕ್ಕೆ ಜಾಗವೇ ಇರುವುದಿಲ್ಲ.

ನಿನ್ನ ಕಾಗದ ಬಂದ ದಿನ ಆಟ ಮುಗಿದ ಮೇಲೆ ಅಮ್ಮನ ಕೋಣೆಗೆ ಹೋದೆ. ಕನ್ನಡಿ ಮುಂದೆ ಕೂತು ಹುಬ್ಬಿನ ಬಣ್ಣ ಒರೆಸುತ್ತಿದ್ದರು. ನಿನ್ನ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ, ಮೆಷಿನ್ನಿನ ವಿಷಯವನ್ನೂ, ಜಡೆಯ ವಿಷಯವನ್ನೂ. ಒರೆಸುವುದು ಮುಗಿಯುವವರೆಗೆ ನಿಂತಿದ್ದೆ.

ನೀನು ಇಲ್ಲಿಗೆ ಬರುವುದು ಬೇಡ. ಈ ಚಳಿಯಲ್ಲಿ ಅಷ್ಟು ದೂರದ ಪ್ರಯಾಣ ನಿನಗೆ ಆಗದು.

ಅಮ್ಮ ಆಮೇಲೆ ನನ್ನ ಹತ್ತಿರ ಬಂದು ‘ಜೋಪಾನವಾಗಿರಲಿ ಅಂತ ಬರಿ’ ಅಂದರು. ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ ಅವರು, ಆದರೆ ನಿನ್ನನ್ನು ಕೇಳುತ್ತಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳಂತಾ, ಎದೆ ಜೋಪಾನ ಮಾಡಿಕೊಳ್ಳುತ್ತಾಳಂತಾ ಅಂತ.

ಮರಿ